ಆಜ್ಞೆ ಮೊದಲು, ಅನ್ನ ಆಮೇಲೆ

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಸಾಂಕ್ರಾಮಿಕ ರೋಗ ಬಂದಾಗ ಏನು ಮಾಡಬೇಕೆಂಬುದನ್ನು ವೈದ್ಯರು ಹೇಳಬಲ್ಲರು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಬೇಕು ಎಂಬುದು ರಾಜಕೀಯದ ಪ್ರಶ್ನೆ. 2020ರಲ್ಲಿ ಕೋವಿಡ್ ಬಂದಾಗ ದಕ್ಷಿಣ ಆಫ್ರಿಕದ ಸರಕಾರ ಮೊದಲ ಕೆಲವು ತಿಂಗಳು ನಡೆದುಕೊಂಡ ರೀತಿಯಲ್ಲಿ ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದ ಇಂದು ಅದನ್ನು ವಿಚಾರ ಮಾಡೋಣ.

ಸಲ್ಲಬೇಕಾದ ಶ್ರೇಯವನ್ನು ಮೊದಲು ಸಲ್ಲಿಸೋಣ. ಆ ದೇಶದ ಮೊದಲ ರೋಗಿ ಪತ್ತೆಯಾದದ್ದು ಮಾರ್ಚ್ 5ರಂದು. ಇಟಲಿ ಪ್ರವಾಸ ಮುಗಿಸಿ ಕ್ವಾಜುಲು-ನಟಾಲ್ ಪ್ರಾಂತಕ್ಕೆ ಮರಳಿದವನು. ಹತ್ತೇ ದಿನಗಳಲ್ಲಿ, 15ರಂದು, ಅಧ್ಯಕ್ಷ ಸಿರಿಲ್ ರಾಮಫೋಸಾ ರಾಷ್ಟ್ರೀಯ ವಿಪತ್ತನ್ನು ಘೋಷಿಸಿದರು. ಶಾಲೆಗಳು ಮುಚ್ಚಿದವು. 26ರ ಮಧ್ಯರಾತ್ರಿಯಿಂದ 21 ದಿನಗಳ ಲಾಕ್‌ಡೌನ್ ಆರಂಭವಾಯಿತು. ಸೋಂಕಿತರು ಆಗ ಸುಮಾರು ಒಂದು ಸಾವಿರ. ಮೊದಲ ಸಾವಿನ ಸುದ್ದಿ ಹೊರಬಿದ್ದದ್ದು ಬಾಗಿಲು ಹಾಕಿದ ಮೊದಲ ದಿನ. ಶ್ರೀಮಂತ ದೇಶಗಳು ಕೆಲವು ಇದಕ್ಕಿಂತ ಬಹಳ ತಡಮಾಡಿ ಎಚ್ಚೆತ್ತವು.

ಈ ಚುರುಕು ಎಲ್ಲಿಂದ ಬಂತು? ಇಪ್ಪತ್ತು ವರ್ಷಗಳ ಹಿಂದಿನ ಒಂದು ದೊಡ್ಡ ಪಾಪದಿಂದ. ಎಚ್‌ಐವಿ ವೈರಾಣುವೇ ಏಡ್ಸ್ ರೋಗಕ್ಕೆ ಕಾರಣವೇ ಎಂದು ಅಂದಿನ ಅಧ್ಯಕ್ಷ ಥಾಬೊ ಎಂಬೆಕಿ ಸಂಶಯಪಟ್ಟರು. ಸರಕಾರಿ ಆಸ್ಪತ್ರೆಗಳಿಗೆ ಔಷಧ ಬರಲಿಲ್ಲ. 2000ದಿಂದ 2005ರೊಳಗೆ ಇದರಿಂದ 3,30,000ಕ್ಕೂ ಹೆಚ್ಚು ಜನ ಸತ್ತರೆಂದು ಹಾರ್ವರ್ಡ್ ಸಂಶೋಧಕರು ಅಂದಾಜು ಮಾಡಿದ್ದಾರೆ. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ 1998ರಲ್ಲಿ ಹುಟ್ಟಿ, ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿತು. 2002ರಲ್ಲಿ ಸಂವಿಧಾನ ನ್ಯಾಯಾಲಯ, ಗರ್ಭಿಣಿಯರಿಗೆ ನೆವಿರಪಿನ್ ಔಷಧ ಕೊಡಲೇಬೇಕೆಂದು ಸರಕಾರಕ್ಕೆ ಆಜ್ಞೆ ಮಾಡಿತು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿದ್ದ ಔಷಧವನ್ನು 350 ಡಾಲರಿಗೆ ಕೊಡುತ್ತೇವೆಂದು ನಮ್ಮ ಮುಂಬಯಿಯ ಸಿಪ್ಲಾ ಕಂಪನಿ 2001ರಲ್ಲಿ ಮುಂದೆ ಬಂದದ್ದೂ ಇದೇ ಕಾಲದಲ್ಲಿ.

ಕ್ಷಯ ಮತ್ತು ಎಚ್‌ಐವಿ ರೋಗಿಗಳ ಮನೆಮನೆಗೆ ಹೋಗಿ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆಯರ ಪಡೆ ಆ ವರ್ಷಗಳಲ್ಲಿ ಬೆಳೆಯಿತು. 2020ರ ಏಪ್ರಿಲಿನಲ್ಲಿ ಜ್ವರ, ಕೆಮ್ಮು ವಿಚಾರಿಸುತ್ತ ಗಲ್ಲಿಗಲ್ಲಿ ತಿರುಗಿದವರು ಈ ಅಲ್ಪವೇತನದ ಹೆಂಗಸರೇ. ಅಂದರೆ ಸರಕಾರ ಪಾಠವನ್ನು ತಾನಾಗಿ ಕಲಿಯಲಿಲ್ಲ, ಜನ ಕಲಿಸಿದರು.

ಇನ್ನು ಇನ್ನೊಂದು ಮುಖ. “ಮನೆಯಲ್ಲೇ ಇರಿ, ಕೈ ತೊಳೆಯುತ್ತಿರಿ” ಎಂಬುದು ಆಜ್ಞೆ. ಮನೆ ಎಂದರೆ ಯಾವ ಮನೆ? ಜೊಹಾನ್ಸ್‌ಬರ್ಗಿನ ಸ್ಯಾಂಡ್‌ಟನ್ ಬಡಾವಣೆಯಲ್ಲಿ ಬಂಗಲೆ, ತೋಟ, ಈಜುಕೊಳ. ಅದರ ಪಕ್ಕದಲ್ಲೇ ಇರುವ ಅಲೆಕ್ಸಾಂಡ್ರಾದಲ್ಲಿ ತಗಡಿನ ಗುಡಿಸಲು. ಎಷ್ಟೋ ಮನೆಗಳಿಗೆ ಒಂದು ನಲ್ಲಿ, ಒಂದು ಪಾಯಖಾನೆ. ವರ್ಣಭೇದದ ಆಡಳಿತ 1994ರಲ್ಲಿ ಮುಗಿಯಿತು, ಅದು ಎಳೆದ ಗೆರೆ ನೆಲದ ಮೇಲೆ ಹಾಗೆಯೇ ಉಳಿಯಿತು. ಆ ವರ್ಷದ ಆರಂಭದಲ್ಲಿ ನಿರುದ್ಯೋಗ ನೂರಕ್ಕೆ 30. ಅಂದಂದಿನ ವ್ಯಾಪಾರದಿಂದ ಅಂದಂದು ಉಣ್ಣುವವನಿಗೆ 21 ದಿನ ಎಂದರೆ ಏನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಗಲ್ಲಿಗಳಿಗೆ ಸರಕಾರ ಕಳಿಸಿದ್ದು ಸೈನ್ಯವನ್ನು. ಏಪ್ರಿಲ್ 10ರಂದು ಅಲೆಕ್ಸಾಂಡ್ರಾದಲ್ಲಿ ತನ್ನ ಮನೆಯಂಗಳದಲ್ಲಿದ್ದ ಒಬ್ಬನು ಸೈನಿಕರಿಂದ ಏಟು ತಿಂದು ಸತ್ತನು. ವಿಪತ್ತಿನ ಕಾಲದಲ್ಲಿಯೂ ಪ್ರಜೆಯ ಪ್ರಾಣದ ಹಕ್ಕು, ಮಾನದ ಹಕ್ಕು ಅಳಿಯುವುದಿಲ್ಲವೆಂದು ಮೇ 15ರಂದು ಹೈಕೋರ್ಟು ಸಾರಬೇಕಾಯಿತು.

ಈಗ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಲಾಕ್‌ಡೌನ್ ಮಾರ್ಚ್ 26ಕ್ಕೆ. 50,000 ಕೋಟಿ ರ್‍ಯಾಂಡಿನ ಪರಿಹಾರದ ಘೋಷಣೆ ಏಪ್ರಿಲ್ 21ಕ್ಕೆ. ನಡುವೆ 26 ದಿನ. ನಿರುದ್ಯೋಗಿಗಳಿಗೆ ತಿಂಗಳಿಗೆ 350 ರ್‍ಯಾಂಡ್ ಎಂದರು. ಹಣ ಕೈಗೆ ಬರತೊಡಗಿದ್ದು ಮೇ ತಿಂಗಳಲ್ಲಿ. ಅದರಲ್ಲೂ, ಮಗುವಿನ ಹೆಸರಿನಲ್ಲಿ ಸಹಾಯಧನ ಪಡೆಯುತ್ತಿದ್ದ ತಾಯಿಗೆ ತನ್ನ ಹೆಸರಿನಲ್ಲಿ ಇದು ಸಿಗದು ಎಂಬ ನಿಯಮ. ಈ ಅನ್ಯಾಯ 2021ರ ಆಗಸ್ಟಿನವರೆಗೆ ನಡೆಯಿತು. ಫೆಬ್ರುವರಿಯಿಂದ ಏಪ್ರಿಲಿನೊಳಗೆ ಕೆಲಸ ಕಳೆದುಕೊಂಡವರು ಸುಮಾರು 30 ಲಕ್ಷ ಜನರೆಂದು ಅಲ್ಲಿನ ವಿಶ್ವವಿದ್ಯಾಲಯಗಳ ಸಮೀಕ್ಷೆ ಹೇಳಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು.

ಮಕ್ಕಳ ಊಟದ ಕಥೆ ಇನ್ನೂ ಕಹಿ. ಶಾಲೆಯಲ್ಲಿ ದಿನಾಲು ಊಟ ಪಡೆಯುತ್ತಿದ್ದ ಮಕ್ಕಳು 90 ಲಕ್ಷಕ್ಕೂ ಹೆಚ್ಚು. ಶಾಲೆ ಮುಚ್ಚಿತು, ಒಲೆಯೂ ಆರಿತು. ಈಕ್ವಲ್ ಎಜುಕೇಶನ್ ಎಂಬ ಸಂಘಟನೆ ನ್ಯಾಯಾಲಯದ ಮೆಟ್ಟಲು ಹತ್ತಿತು. ಶಾಲೆಗೆ ಬರಲಿ ಬಾರದಿರಲಿ, ಅರ್ಹ ಮಕ್ಕಳೆಲ್ಲರಿಗೂ ಊಟ ಕೊಡಬೇಕೆಂಬ ತೀರ್ಪು ಬಂದದ್ದು ಜುಲೈ 17ರಂದು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು.

ಹಾಗಾದರೆ ಬಾಗಿಲು ಹಾಕಿದ್ದೇ ತಪ್ಪೆ? ಹಾಗೆನ್ನುವವರ ಜೊತೆ ನಾವಿಲ್ಲ. ಆಸ್ಪತ್ರೆಗಳನ್ನು ಅಣಿಗೊಳಿಸಲು ಅದರಿಂದ ಕಾಲ ಸಿಕ್ಕಿತು. ಆದರೆ ಹಾಗೆ ಗಳಿಸಿದ ಕಾಲವೂ ಪೂರ್ತಿ ಉಪಯೋಗಕ್ಕೆ ಬರಲಿಲ್ಲ. ಪರೀಕ್ಷಾ ಸಾಮಗ್ರಿಗೆ ಜಗತ್ತೆಲ್ಲ ಮುಗಿಬಿದ್ದಾಗ ಹಣವಂತ ದೇಶಗಳು ಸಾಲಿನ ಮುಂದೆ ನಿಂತವು; ಮೇ ಕೊನೆಯ ಹೊತ್ತಿಗೆ ಸರಕಾರಿ ಪ್ರಯೋಗಶಾಲೆಗಳಲ್ಲಿ 80,000ಕ್ಕೂ ಹೆಚ್ಚು ಮಾದರಿಗಳು ಪರೀಕ್ಷೆಯಾಗದೆ ಬಿದ್ದಿದ್ದವು. ಮುಂದಿನ ಅಲೆಗಳಲ್ಲಿ ಸತ್ತವರು ಸರಕಾರಿ ಲೆಕ್ಕದಲ್ಲೇ ಒಂದು ಲಕ್ಷ ಮೀರಿದರು.

ಮಿತ್ರರೆ, ನಾವು ಹೇಳುವುದು ಇಷ್ಟೆ. ಮನೆಯಲ್ಲಿರು ಎಂದು ಬಡವನಿಗೆ ಹೇಳುವ ಅಧಿಕಾರ ಸರಕಾರಕ್ಕೆ ಇದೆ. ಆದರೆ ಆ ಮಾತು ಆಡಿದ ಗಳಿಗೆಯಿಂದಲೇ ಅವನ ಒಲೆಯ ಹೊಣೆಯೂ ಅದರದ್ದೇ. ಆಜ್ಞಾಪತ್ರವೂ ಮೆಕ್ಕೆಜೋಳದ ಹಿಟ್ಟಿನ ಚೀಲವೂ ಒಂದೇ ದಿನ ಹೊರಡಬೇಕು. ದಕ್ಷಿಣ ಆಫ್ರಿಕದಲ್ಲಿ ಆಜ್ಞೆ ಬೇಗನೆ ಸಿದ್ಧವಾಯಿತು. ಹಿಟ್ಟಿಗೆ ಜನ ಕಾಯಬೇಕಾಯಿತು, ಊಟಕ್ಕಾಗಿ ಮಕ್ಕಳು ನ್ಯಾಯಾಲಯದ ದಾರಿ ನೋಡಬೇಕಾಯಿತು. ಮುಂದಿನ ರೋಗ ಎಲ್ಲಿಯೇ ಬರಲಿ, ಬಾಗಿಲು ಎಷ್ಟು ಬೇಗ ಹಾಕಿದಿರಿ ಎಂಬುದರ ಜೊತೆಗೆ, ಒಳಗಿದ್ದವರಿಗೆ ಅನ್ನ ಎಂದು ಮುಟ್ಟಿಸಿದಿರಿ ಎಂದೂ ನಾವು ಕೇಳಬೇಕು.