ಬೇಯಿಸಿದರೂ ಹೋಗದ ಮೀನಿನ ವಿಷ

(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಚೆನ್ನಾಗಿ ಬೇಯಿಸಿದರೆ ಯಾವ ವಿಷವೂ ಉಳಿಯದು ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಮೀನಿನ ವಿಷಯದಲ್ಲಿ ಈ ಮಾತನ್ನು ನಂಬಿ ಕೂಡಬಾರದು. ಏಕೆಂದು ಹೇಳುತ್ತೇನೆ.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಒಂದೊಂದು ಕೋಶವೂ ಒಂದು ಪುಟ್ಟ ಮನೆಯಿದ್ದಂತೆ. ಅದಕ್ಕೆ ಗೋಡೆಯುಂಟು, ಬಾಗಿಲುಗಳುಂಟು. ನರದ ಕೋಶಗಳಲ್ಲಿ ಸೋಡಿಯಂ ಎಂಬ ಉಪ್ಪಿನ ಅಂಶ ಒಳಗೆ ಬರಲೆಂದೇ ಬಾಗಿಲುಗಳಿವೆ. ಅವು ತೆರೆದು ಮುಚ್ಚಿದರೆ ಮಾತ್ರ ನರದಲ್ಲಿ ಸುದ್ದಿ ಹರಿಯುತ್ತದೆ. ಕೈ ಎತ್ತುವುದೂ ಉಸಿರಾಡುವುದೂ ಇದರಿಂದಲೇ.

ಹೆದರಿದಾಗ ಚೆಂಡಿನಂತೆ ಉಬ್ಬುವ ಒಂದು ಕಡಲ ಮೀನಿದೆ. ಅದರ ಈಲಿಯಲ್ಲೂ ಮೊಟ್ಟೆಯಲ್ಲೂ ಇರುವ ವಿಷ ಈ ಬಾಗಿಲನ್ನು ಅಡ್ಡಗಟ್ಟುತ್ತದೆ. 1774ರಲ್ಲಿ ನಾವಿಕ ಕ್ಯಾಪ್ಟನ್ ಕುಕ್ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಅದನ್ನು ತುಸುವೇ ರುಚಿ ನೋಡಿದ. ಕೈಕಾಲು ಮರಗಟ್ಟಿ, ಹಿಡಿದ ವಸ್ತುವಿನ ತೂಕವೇ ತಿಳಿಯದಾಯಿತು. ಅದರ ಕರುಳು ತಿಂದ ಹಂದಿ ಸತ್ತಿತು. ಈ ವಿಷಕ್ಕೆ ಪ್ರತಿಮದ್ದಿಲ್ಲ. ಉಸಿರು ನಿಂತರೆ ಯಂತ್ರದಿಂದ ಉಸಿರು ಕೊಟ್ಟು ಕಾಯಬೇಕು.

ಇನ್ನೊಂದು ವಿಷ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಅದು ಹವಳದ ದಿಬ್ಬಗಳ ಸೂಕ್ಷ್ಮ ಪಾಚಿಯಲ್ಲಿ ಹುಟ್ಟಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತದೆ. 2016ರಲ್ಲಿ ಮಂಗಳೂರಿನಲ್ಲಿ ಕೆಂಪು ಮೀನಿನ ತಲೆ ತಿಂದ ಅನೇಕರು ಇದರಿಂದ ಕಾಯಿಲೆ ಬಿದ್ದರು.

ಬೆಟ್ಟದ ಮೇಲಿರುವ ನಮಗೆ ಹತ್ತಿರದ ಅಪಾಯ ಮೂರನೆಯದು. ಅದು ಕಡಲಿನಲ್ಲಿ ಹುಟ್ಟುವುದಿಲ್ಲ, ದಾರಿಯಲ್ಲಿ ಹುಟ್ಟುತ್ತದೆ. ಬಂಗುಡೆ, ಮತ್ತಿ, ಚೂರೆ ಮೀನುಗಳು ಐಸ್ ಇಲ್ಲದೆ ಘಾಟಿ ಹತ್ತಿ ಬಂದರೆ, ಅವುಗಳ ಮಾಂಸದಲ್ಲಿ ರೋಗಾಣುಗಳು ಬೆಳೆದು ಹಿಸ್ಟಮಿನ್ ಎಂಬ ವಸ್ತುವನ್ನು ಮಾಡುತ್ತವೆ. ಇದು ನಮ್ಮ ದೇಹದಲ್ಲೂ ಇದೆ. ಅಪಾಯ ಬಂದಾಗ ಬಾರಿಸುವ ಗಂಟೆ ಅದು. ಹೊರಗಿನಿಂದ ಹೇರಳವಾಗಿ ಬಂದರೆ ಕೋಶಗಳು ಸುಳ್ಳು ಗಂಟೆಗೆ ಓಗೊಡುತ್ತವೆ. ರಕ್ತನಾಳ ಹಿಗ್ಗುತ್ತದೆ, ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೇ ಇದು ಕಾಣಿಸುತ್ತದೆ.

ತಾಯಂದಿರೇ, ಕುದಿಸಿದರೆ ರೋಗಾಣು ಸಾಯುತ್ತದೆ, ಹಿಸ್ಟಮಿನ್ ಸಾಯುವುದಿಲ್ಲ. ಹುರಿದರೂ, ಉಪ್ಪು ಹಾಕಿದರೂ, ಹುಣಸೆಹುಳಿ ಹಿಂಡಿದರೂ ಅದು ಹಾಗೆಯೇ ಇರುತ್ತದೆ. ಮೂಗಿಗೆ ವಾಸನೆ ಬಾರದೆಯೂ ಇರಬಹುದು. ನಾಲಿಗೆಗೆ ಮೆಣಸು ತಾಗಿದಂತೆ ಚುರುಗುಟ್ಟಿದರೆ ಅಲ್ಲಿಗೇ ಉಗುಳಿಬಿಡಿ.

ಆದ್ದರಿಂದ ಐಸ್‌ನಲ್ಲಿಟ್ಟ ಮೀನನ್ನೇ ಕೊಳ್ಳಿರಿ. ತಂದ ಕೂಡಲೇ ಕರುಳು ತೆಗೆದು ಅಡುಗೆ ಮಾಡಿರಿ. ಬಿಸಿಲಲ್ಲಿ ಬಾಡಿದ ಮೀನು ಸಂಜೆ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಐದು ಮನೆಯವರು ಸೇರಿ, ಐಸ್ ಇಲ್ಲದೆ ತಂದರೆ ಕೊಳ್ಳುವುದಿಲ್ಲವೆಂದು ಮಾರುವವನಿಗೆ ಹೇಳಿರಿ. ಒಬ್ಬರ ಮಾತಿಗಿಂತ ಐವರ ಮಾತಿಗೆ ಬೆಲೆ ಹೆಚ್ಚು.

ಯಾರಿಗಾದರೂ ಹೀಗಾದರೆ ದೃಷ್ಟಿ ತೆಗೆಯುತ್ತಾ ಕೂಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಮೀನು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಹೇಳಿರಿ. ಹಿಸ್ಟಮಿನ್ನಿಗೆ ಮದ್ದುಂಟು, ಬಹುತೇಕರು ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ತುಟಿ ಜುಮುಗುಟ್ಟಿ ಉಸಿರು ಕಷ್ಟವಾದರೆ ಮಾತ್ರ ಒಂದು ಗಳಿಗೆಯೂ ತಡಮಾಡಬೇಡಿರಿ.