ದಶಮಾಂಶ ನಂಬಿ ಹೈವೇಗೆ ಇಳಿದೆ: ಟೈರ್ ಗೇಜ್ ಆರಿಸೋದು ಹೇಗೆ

ರಜೆ ಸಿಕ್ಕರೆ ಪುಣೆಯಿಂದ ಕಾರಲ್ಲೇ ಊರಿಗೆ ಹೋಗೋರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ. ಸ್ವಂತ ಪ್ರೆಶರ್ ಗೇಜ್ ಇಟ್ಟುಕೊಂಡೋರು? ನಾಲ್ಕು ಕೈ. ಆ ಗೇಜ್ ನಿಜ ಹೇಳುತ್ತಾ ಅಂತ ಪರೀಕ್ಷೆ ಮಾಡಿದೋರು? ಯಾರೂ ಇಲ್ಲ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಸುಮ್ಮನೆ ಕೂತಿರ್ತಿದ್ದೆ.

ಆಗ ಮೇ ತಿಂಗಳು. ದಾವಣಗೆರೆಗೆ ಹೊರಟಿದ್ವಿ. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಸಾಮಾನು. ಬೆಳಗಿನ ಜಾವ ಪಾರ್ಕಿಂಗಲ್ಲಿ ಸಣ್ಣ ಪಂಪ್ ಹಚ್ಚಿ ಗಾಳಿ ತುಂಬಿದೆ, ಡಿಜಿಟಲ್ ಗೇಜಲ್ಲಿ ನೋಡಿದೆ. 33.0. ನಾಲ್ಕಕ್ಕೂ 33.0. ಪಂಪಿನ ಮುಳ್ಳು ಮಾತ್ರ 27ರ ಹತ್ತಿರ ನಿಂತಿತ್ತು. ಅಗ್ಗದ ಮುಳ್ಳು, ಬಿಡು ಅಂದುಕೊಂಡೆ. ಒಂದು ಕಡೆ ದಶಮಾಂಶ ಇದೆ, ಇನ್ನೊಂದು ಕಡೆ ಅಲ್ಲಾಡೋ ಮುಳ್ಳು. ಎಂಟೆಕ್ ಮಾಡಿದೋನು ಯಾವುದನ್ನ ನಂಬ್ತಾನೆ ಹೇಳಿ!

ಖಂಬಾಟ್ಕಿ ಘಾಟ್, ಸಾತಾರಾ ದಾಟಿ ಕರಾಡ್ ಹತ್ತಿರ ಚಹಾಕ್ಕೆ ನಿಂತಾಗ ಹಿಂದಿನ ಎಡ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸ್ತು. ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಅವರು ಎಣ್ಣೆ ಕೈಯಲ್ಲೇ ಹಳೇ ಡಯಲ್ ಗೇಜ್ ಹಚ್ಚಿದರು. 30. "ಸಾಹೇಬ, ಇಷ್ಟು ಬಿಸಿಯಾಗಿರೋ ಟೈರು 37 ತೋರಿಸಬೇಕು, 30 ಇದೆ ಅಂದ್ರೆ ಬೆಳಿಗ್ಗೆ ಎಷ್ಟಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಟೈರ್ ಬಿಚ್ಚಿದರೆ ಒಳಗೆ ಕಪ್ಪು ರಬ್ಬರ್ ಪುಡಿ. ಕಡಿಮೆ ಗಾಳಿಯಲ್ಲಿ ಓಡಿದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತೆ, ಬಿಸಿಯಾಗುತ್ತೆ, ಒಳಗಿಂದ ಸವೆಯುತ್ತೆ. ಆ ಗೇಜ್ ನನ್ನ ಹತ್ತಿರ ಆರು ತಿಂಗಳಿಂದ ಇತ್ತು. ಅಮ್ಮ ಕೂತಿದ್ದು ಅದೇ ಚಕ್ರದ ಮೇಲಿನ ಸೀಟಲ್ಲಿ.

ವಾಪಸ್ ಬಂದು ಭೋಸರಿಯ ಒಂದು ಕ್ಯಾಲಿಬ್ರೇಶನ್ ಲ್ಯಾಬಿಗೆ ಆ ಗೇಜ್ ತಗೊಂಡು ಹೋದೆ. ನಿಜವಾದ 30 ಪಿಎಸ್ಐ ಕೊಟ್ಟರೆ ಅದು 36.5 ತೋರಿಸ್ತು. ಮತ್ತೆ ಕೊಟ್ಟರು, 36.5. ಐದು ಸಲವೂ ಅದೇ. ನೋಡಿ, ವಿಷಯ ಇಲ್ಲೇ ಇರೋದು. ಪ್ರತಿ ಸಲ ಒಂದೇ ಅಂಕಿ ಬರೋದು ಬೇರೆ, ಆ ಅಂಕಿ ಸರಿ ಇರೋದು ಬೇರೆ. ಪರದೆ ಮೇಲಿನ ದಶಮಾಂಶ ಇವೆರಡಕ್ಕೂ ಸಾಕ್ಷಿ ಅಲ್ಲ.

ಹಾಗಾದ್ರೆ ಯಾವುದು ಕೊಳ್ಳೋದು? ಡಬ್ಬಿ ಮೇಲೆ "ನಿಖರತೆ ±2%" ಅಂತಿದ್ದರೆ, ಯಾವುದರ 2% ಅಂತ ಕೇಳಿ. ಡಯಲ್ ಗೇಜಲ್ಲಿ ಅದು ಸಾಮಾನ್ಯವಾಗಿ ಪೂರ್ತಿ ಸ್ಕೇಲಿನ ಶೇಕಡಾ. 0-150 ಗೇಜಲ್ಲಿ 2% ಅಂದ್ರೆ 3 ಪಿಎಸ್ಐ, ನೀವು 33 ಅಳೆದರೂ ಅಷ್ಟೇ ತಪ್ಪು ಇರಬಹುದು. ಅದೇ 2% 0-60 ಗೇಜಲ್ಲಿ 1.2 ಮಾತ್ರ. ಡಯಲ್ ಗೇಜಿನ ಮುಳ್ಳು ಸ್ಕೇಲಿನ ನಡುಭಾಗದಲ್ಲೇ ಹೆಚ್ಚು ನಂಬಿಕಸ್ಥ, ತುದಿಗಳಲ್ಲಿ ಕಡಿಮೆ. ಹಾಗಾಗಿ ನಿಮಗೆ ಬೇಕಾದ ಒತ್ತಡದ ಸುಮಾರು ಎರಡು ಪಟ್ಟು ಸ್ಕೇಲ್ ಇರೋದು ತಗೊಳ್ಳಿ. ನಮ್ಮ ಕಾರುಗಳಿಗೆ 0-60 ಸರಿಹೋಗುತ್ತೆ. 80 ಪಿಎಸ್ಐ ಬೇಕಾಗೋ ಕ್ಯಾಂಪರ್ ವ್ಯಾನ್ ಓಡಿಸೋರಿಗೆ 0-160. ಸಣ್ಣ ಸ್ಟೆಪ್ನಿ ಇರೋ ಕಾರುಗಳಲ್ಲಿ ಅದಕ್ಕೆ ಸಾಮಾನ್ಯವಾಗಿ 60 ಬೇಕು, ಅಂಥೋರು 0-100 ನೋಡಿ. "150ರವರೆಗೂ ಅಳೆಯುತ್ತೆ" ಅಂತ ಖುಷಿಪಡಬೇಡಿ.

ಡಿಜಿಟಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕತ್ತಲಲ್ಲಿ ಓದೋಕೆ ಸುಲಭ. ಬ್ಯಾಟರಿ ಮೇಲೆ ಕಣ್ಣಿರಲಿ ಅಷ್ಟೇ. ಡಯಲ್ ಗೇಜಿನ ಒಳಗೆ ಬಾಗಿದ ಕೊಳವೆ ಇರುತ್ತೆ, ಬೂರ್ದೋನ್ ಟ್ಯೂಬ್ ಅಂತಾರೆ. ಬ್ಯಾಟರಿ ಬೇಡ, ಆದ್ರೆ ಕೈಜಾರಿ ನೆಲಕ್ಕೆ ಬಿದ್ದರೆ ಲೆಕ್ಕ ತಪ್ಪಬಹುದು. ರಬ್ಬರ್ ಕವಚ, ಸಣ್ಣ ಪೈಪ್, ಹೆಚ್ಚಾದ ಗಾಳಿ ಬಿಡೋ ಗುಂಡಿ ಇರೋದು ನೋಡಿ. ಪೆನ್ಸಿಲ್ ಥರದ್ದು ಡ್ಯಾಶ್‌ಬೋರ್ಡ್ ಡ್ರಾಯರಲ್ಲಿ ಬಿದ್ದಿರಲಿ, ಆಪತ್ತಿಗೆ.

ಲ್ಯಾಬಿಗೆ ಎಲ್ಲರೂ ಹೋಗಬೇಕಿಲ್ಲ. ಒಂದೇ ತಣ್ಣನೆ ಟೈರಿಗೆ ನಿಮ್ಮ ಗೇಜ್ ಐದು ಸಲ ಹಚ್ಚಿ. ಅಂಕಿ ಸಲಕ್ಕೊಂದು ಥರ ಬಂದರೆ ವಾಪಸ್ ಕೊಡಿ. ಒಂದೇ ಥರ ಬಂದರೆ, ಇನ್ನೂ ಮೂರು ಗೇಜ್ ಸಾಲ ತಂದು ಅದೇ ಟೈರಿಗೆ ಹಚ್ಚಿ. ಮೂರು ಒಂದು ಕಡೆ, ನಿಮ್ಮದು ಇನ್ನೊಂದು ಕಡೆ ಇದ್ದರೆ ಗೊತ್ತಾಯ್ತಲ್ಲ. ವ್ಯತ್ಯಾಸ 1-2 ಅಷ್ಟೇ ಇದ್ದು, ಸ್ಥಿರವಾಗಿದ್ದರೆ ಬಿಸಾಡಬೇಡಿ. ಗೇಜಿಗೆ ಟೇಪ್ ಅಂಟಿಸಿ "2 ಕಳೆ" ಅಂತ ಬರೆದುಕೊಳ್ಳಿ. ನಾನು ಮಾಡಬೇಕಿದ್ದದ್ದು ಇಷ್ಟೇ. ಪಂಪಿನ ಮುಳ್ಳು ಪಾರ್ಕಿಂಗಲ್ಲೇ ಹೇಳ್ತಿತ್ತು.

ಅಳೆಯೋದು ಟೈರ್ ತಣ್ಣಗಿದ್ದಾಗ, ಅಂದ್ರೆ ಕಾರ್ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ಎಷ್ಟು ಬೇಕು ಅನ್ನೋದು ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಲ್ಲಿ ಇರುತ್ತೆ, ಪೂರ್ತಿ ಲೋಡಿಗೆ ಬೇರೆ ಅಂಕಿ ಇದ್ದರೆ ಊರಿಗೆ ಹೋಗುವಾಗ ಅದನ್ನೇ ಹಾಕಿ. ಟೈರಿನ ಮೇಲೆ ಅಚ್ಚಾಗಿರೋ ದೊಡ್ಡ ಅಂಕಿ ಗರಿಷ್ಠ ಮಿತಿ, ಅದು ನಿಮಗಲ್ಲ. ದಾರಿಯಲ್ಲಿ ಬಿಸಿ ಟೈರು 37 ತೋರಿಸಿದರೆ ಗಾಳಿ ಬಿಡೋಕೆ ಹೋಗಬೇಡಿ. ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ 1 ಪಿಎಸ್ಐ ಏರುತ್ತೆ, ಕಾರ್ ತಣ್ಣಗಾದ ಮೇಲೆ ಇಳಿಯುತ್ತೆ.

ಒಬ್ಬರು ಕೇಳಿದ್ರು, ಕಾರಲ್ಲೇ ಟಿಪಿಎಂಎಸ್ ಇದ್ದರೆ ಗೇಜ್ ಯಾಕೆ ಅಂತ. ಕೆಲವು ಕಾರುಗಳಲ್ಲಿ ಒತ್ತಡ ಅಳೆಯೋ ಸೆನ್ಸರೇ ಇರಲ್ಲ, ಚಕ್ರ ತಿರುಗೋ ವೇಗ ನೋಡಿ ಊಹೆ ಮಾಡುತ್ತೆ. ಗಾಳಿ ತುಂಬಿ ರೀಸೆಟ್ ಒತ್ತಿದಾಗ ಇದ್ದದ್ದೇ ಅದರ ಪಾಲಿಗೆ ಸರಿ. ತಪ್ಪು ಗೇಜ್ ನೋಡಿ 26 ತುಂಬಿ ರೀಸೆಟ್ ಮಾಡಿದರೆ ಅದಕ್ಕೆ ಏನೂ ಅನಿಸಲ್ಲ, ದೀಪವೂ ಹತ್ತಲ್ಲ.

ಲ್ಯಾಬಲ್ಲಿ ಪರೀಕ್ಷೆ ಮಾಡಿಸಿದ ನನ್ನ ಹೊಸ ಗೇಜ್ ಬ್ಯಾಗಲ್ಲೇ ಇದೆ. ಆಗ ಕೈ ಎತ್ತಿದ ನಾಲ್ವರು ನಿಮ್ಮ ಗೇಜ್ ತಗೊಂಡು ಕೆಳಗೆ ಪಾರ್ಕಿಂಗಿಗೆ ಬನ್ನಿ. ನನ್ನ ಕಾರ್ ಬೆಳಿಗ್ಗೆಯಿಂದ ನಿಂತಿದೆ, ಟೈರ್ ತಣ್ಣಗಿದೆ.