ಆರು ತಿಂಗಳಿಂದ ಮೂರು ವರ್ಷ: ಮಗು ನೋಡ್ಕೊಳ್ಳೋ ಖರ್ಚು ಯಾರದು?

ಇವತ್ತಿನ ಮಾತು ನಮ್ಮ ಮನೆಯಿಂದಲೇ ಶುರು.

ನಾನಿಲ್ಲಿ ಮೈಕ್ ಮುಂದೆ ಕೂತಿದ್ದೀನಿ. ನನ್ನ ಹನ್ನೊಂದು ತಿಂಗಳ ಮಗಳು ಮನೇಲಿ ನಮ್ಮಮ್ಮನ ಹತ್ರ ಇದಾಳೆ. "ನಿಂಗೇನಮ್ಮ, ಅಮ್ಮ ಇದಾರೆ, ಎಲ್ಲಾ ಫ್ರೀ" ಅಂತ ಫ್ರೆಂಡ್ಸ್ ಹೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ.

ಅಮ್ಮ ತಿಪಟೂರಲ್ಲಿ ಬಟ್ಟೆ ಹೊಲೀತಿದ್ರು. ಬ್ಲೌಸು, ಸೀರೆಗೆ ಫಾಲ್ಸು, ಸ್ಕೂಲ್ ಯೂನಿಫಾರ್ಮು. ತಿಂಗಳಿಗೆ 7-8 ಸಾವಿರ ಅವರದ್ದೇ ದುಡಿಮೆ. ನನ್ನ ರಜೆ ಮುಗೀತಿದ್ದ ಹಾಗೆ ಮೆಷಿನ್ ಮೇಲೆ ಹಳೇ ಸೀರೆ ಹೊದಿಸಿ, ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದ್ರು. ಮೊನ್ನೆ ಊರಿಂದ ಫೋನ್. ಮದುವೆಗೆ ಹತ್ತು ಬ್ಲೌಸ್ ಹೊಲೀಬೇಕು, ಯಾವಾಗ ಬರ್ತೀರಾ ಅಂತ. "ಬೇರೆಯವರಿಗೆ ಕೊಡಿ" ಅಂದ್ರು ಅಮ್ಮ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆವತ್ತು ನನಗೆ ಅರ್ಥ ಆಯ್ತು, ನಮ್ಮನೇಲಿ ಡೇಕೇರ್ ಬಿಲ್ ಇದೆ. ಅದನ್ನ ಅಮ್ಮ ಕಟ್ತಿದಾರೆ.

ಡೇಕೇರ್ ವಿಚಾರಿಸಲಿಲ್ವಾ ಅಂದ್ರೆ, ವಿಚಾರಿಸಿದೆ. ಮನೆ ಹತ್ರದ್ದು ತಿಂಗಳಿಗೆ 8,500. ಆರು ಗಂಟೆ ದಾಟಿದ್ರೆ ಗಂಟೆಗೆ 100 ಎಕ್ಸ್‌ಟ್ರಾ. ನನ್ನ ಕೈಗೆ ಬರೋ ಸಂಬಳ 22 ಸಾವಿರ. ಬಾಡಿಗೆಯಲ್ಲಿ ನನ್ನ ಪಾಲು, ಓಡಾಟ ಎಲ್ಲಾ ಕಳೆದ್ರೆ, ಕೆಲಸಕ್ಕೆ ಹೋಗೋದೇ ಡೇಕೇರ್ ಫೀಸ್ ಕಟ್ಟೋಕೆ ಅನ್ನೋ ಹಾಗಾಗುತ್ತೆ.

ಸರಿ, ಸರ್ಕಾರದ ಕಡೆಯಿಂದ ಏನಿದೆ ನೋಡೋಣ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರ ಆಯ್ತು. ಅಂದ್ರೆ ಆರು ತಿಂಗಳು. ಇನ್ನೊಂದು ಕಡೆ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಯೋಜನೆ. ಆದರೆ ಅಲ್ಲಿ ಮಗು ಬಂದು ಕೂತು ಕಲಿಯೋದು ಮೂರು ವರ್ಷದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆಹಾರದ ಪ್ಯಾಕೆಟ್ ಮನೆಗೆ ಬರುತ್ತೆ, ಮಗು ಮನೇಲೇ ಇರುತ್ತೆ.

ಲೆಕ್ಕ ಹಾಕಿ. ರಜೆ ಆರು ತಿಂಗಳಿಗೆ ಮುಗೀತು. ಅಂಗನವಾಡಿ ಬಾಗಿಲು ತೆಗೆಯೋದು ಮೂರು ವರ್ಷಕ್ಕೆ. ಮಧ್ಯದ ಎರಡೂವರೆ ವರ್ಷ ಮಗು ಎಲ್ಲಿರಬೇಕು? ಮೂರು ತುಂಬಿದ ಮೇಲೂ ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಗಿಯುತ್ತೆ, ನನ್ನ ಶಿಫ್ಟ್ ಆರಕ್ಕೆ ಮುಗಿಯುತ್ತೆ.

ಕಾನೂನು ಇಲ್ಲ ಅಂತಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ ಅದೇ ತಿದ್ದುಪಡಿ ಹೇಳಿತ್ತು. 30ಕ್ಕಿಂತ ಹೆಚ್ಚು ಮಹಿಳೆಯರಿರೋ ಕಾರ್ಖಾನೆಗಳಿಗೆ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ಇತ್ತು. ಆದರೆ ಹತ್ತು ಜನರ ಆಫೀಸು, ಅಂಗಡಿ, ಮನೆಕೆಲಸ, ತರಕಾರಿ ಗಾಡಿ? ಇವರ್ಯಾರೂ ಆ ಲೆಕ್ಕದಲ್ಲಿ ಬರಲ್ಲ. ನಮ್ಮಲ್ಲಿ ಹೆಚ್ಚಿನ ಹೆಂಗಸರು ದುಡಿಯೋದು ಇಂಥ ಕಡೆಗಳಲ್ಲೇ.

ಹಳ್ಳಿಗಳಿಗೆ ಅಂತ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 'ಕೂಸಿನ ಮನೆ' ಘೋಷಿಸ್ತು. ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳನ್ನ, ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು ನೋಡ್ಕೊಳ್ಳೋ ವ್ಯವಸ್ಥೆ. ಐಡಿಯಾ ನನಗೆ ತುಂಬಾ ಇಷ್ಟ. ಆದರೆ ಆ ಮಹಿಳೆಯರ ಕೂಲಿಯನ್ನೂ ನರೇಗಾಗೇ ಗಂಟು ಹಾಕಿದ್ರು. ಅಲ್ಲಿ ಒಂದು ಕುಟುಂಬಕ್ಕೆ ಖಾತ್ರಿ ಇದ್ದಿದ್ದು ವರ್ಷಕ್ಕೆ 100 ದಿನ. ಮಗು ಅಳೋದು 365 ದಿನ.

ಕೇಂದ್ರದ್ದು 'ಪಾಲನಾ'. ಅಂಗನವಾಡಿ ಜೊತೆಗೇ ಶಿಶುಪಾಲನಾ ಕೇಂದ್ರ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ. ಖರ್ಚಲ್ಲಿ ಕೇಂದ್ರ 60, ರಾಜ್ಯ 40. ನಾನು ಹೇಳಿದ ಎರಡೂವರೆ ವರ್ಷದ ಗ್ಯಾಪ್ ತುಂಬೋ ಯೋಜನೆ ಇದೇ. ಪ್ರತಿ ವಾರ್ಡಿಗೂ ಇದು ಬರಬೇಕು.

ದುಡ್ಡೆಲ್ಲಿದೆ ಅಂತೀರಾ? ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್‌ಗೆ ಡೇಕೇರ್ ಶುರು ಮಾಡ್ತು, ಉಳಿದ ಖರ್ಚು ಸರ್ಕಾರದ್ದು. ಕೆಲಸಕ್ಕೆ ಹೋಗೋ ತಾಯಂದಿರ ಸಂಖ್ಯೆ ಏರ್ತು. ಅವರ ತೆರಿಗೆಯಿಂದ ಒಂದಷ್ಟು ಹಣ ವಾಪಸ್ ಬಂತು. ಅಲ್ಲಿ ಎಲ್ಲಾ ಸರಿ ಇತ್ತು ಅಂತಲ್ಲ, ಸೀಟಿಗೆ ಉದ್ದ ಕ್ಯೂ. ಫೀಸ್ ಇಳಿಸಿದ್ರೆ ಸಾಲದು, ಜಾಗ ಮತ್ತು ಜನ ಎರಡೂ ಬೇಕು ಅನ್ನೋದು ಅಲ್ಲಿಂದ ಕಲಿಯೋ ಪಾಠ.

ಜನ ಅಂದ್ರೆ ಯಾರು? ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡೋದನ್ನ ಸಂಬಳ ಅಂತ ಕರೆಯಲ್ಲ, ಗೌರವಧನ ಅಂತಾರೆ. ಮಗು ನೋಡ್ಕೊಳ್ಳೋದು ಸೇವೆ, ಪ್ರೀತಿ ಅಂತ ಹೇಳಿ ಕಮ್ಮಿ ಕೊಡೋದು. ಹೀಗೆ ಬೈಯೋ ಮುಂಚೆ ನಾನು ನನ್ನನ್ನೇ ಕೇಳ್ಕೋಬೇಕು. ಅಮ್ಮನ ವಿಷಯದಲ್ಲಿ ನಾನು ಮಾಡಿದ್ದೇನು? ಪ್ರೀತಿ ಅಂದೆ, ಪೂರ್ತಿ ಫ್ರೀಯಾಗಿ ತಗೊಂಡೆ.

ಕಳೆದ ತಿಂಗಳು ಅಮ್ಮನ ಕೈಗೆ 5,000 ಇಟ್ಟೆ. "ಮೊಮ್ಮಗಳನ್ನ ನೋಡ್ಕೊಳ್ಳೋಕೆ ದುಡ್ಡಾ? ತಲೆ ಕೆಟ್ಟಿದ್ಯಾ ನಿಂಗೆ?" ಅಂತ ಬೈದ್ರು. ಆಮೇಲೆ ಮೆಲ್ಲಗೆ, "ಮೆಷಿನ್ ಇಲ್ಲಿಗೆ ತರ್ಸು" ಅಂದ್ರು. ಮುಂದಿನ ವಾರ ಮೆಷಿನ್ ಬರುತ್ತೆ. ಮಗಳು ಮಲಗಿರೋ ಎರಡು ಗಂಟೆಯಲ್ಲಿ ಎಷ್ಟು ಹೊಲೀಬಹುದೋ ಅಷ್ಟು.

ನಿಮಗೊಂದು ಕೆಲಸ ಕೊಡ್ತೀನಿ. ನಿಮ್ಮ ಏರಿಯಾದ ಅಂಗನವಾಡಿಗೆ ಹೋಗಿ, ಇಲ್ಲಿ 'ಪಾಲನಾ' ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ ಊರಲ್ಲಿರೋರು ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ. ಇನ್ನೊಂದು ಪ್ರಶ್ನೆ ಮನೇಲಿ. ನಿಮ್ಮನ್ನ ನೋಡ್ಕೊಳ್ಳೋಕೆ ಅಂತ ಯಾರು, ಏನು ಬಿಟ್ರು? ಉತ್ತರ ಸಿಕ್ಕಿದ್ರೆ ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.